ಹಲ್ಲಲ್ಲಿ ದಾರ ಕಚ್ಚಿ ಮಾಡಿದ ಜಾಹೀರಾತು

ನನಗೆ ಟೀವಿ ಧಾರಾವಾಹಿಗಳ ಮೇಲೆ ಸಿಟ್ಟಿಲ್ಲ. ಅವು ತಮ್ಮ ಪಾಡಿಗೆ ತಾವು ಅಳುತ್ತಿರುತ್ತವೆ. ನನ್ನ ಸಿಟ್ಟೆಲ್ಲ ನಡುವೆ ಬರುವ ಜಾಹೀರಾತುಗಳ ಮೇಲೆ, ಅದರಲ್ಲೂ ನಗಿಸಲೆಂದೇ ಮಾಡಿದವುಗಳ ಮೇಲೆ. ಇಬ್ಬರು ಗೆಳೆಯರು ಸೋಫಾದಲ್ಲಿ ಕೂತು ಕ್ರಿಕೆಟ್ ನೋಡುತ್ತಿರುತ್ತಾರೆ. ಇಬ್ಬರ ಕೈಯೂ ಒಂದೇ ಚಿಪ್ಸ್ ಪೊಟ್ಟಣದೊಳಕ್ಕೆ ಹೋಗುತ್ತದೆ, ಬೆರಳಿಗೆ ಬೆರಳು ತಾಗುತ್ತದೆ. ಒಬ್ಬ ನಾಚಿ ನಗುತ್ತಾನೆ, ಇನ್ನೊಬ್ಬ ಹಾವು ತುಳಿದವನಂತೆ ಜಿಗಿದು ಸೋಫಾದ ಆ ತುದಿಗೆ ಬೀಳುತ್ತಾನೆ. ಮುಗಿಯಿತು, ಚಿಪ್ಸ್ ಕೊಳ್ಳಿ. ಇನ್ನೊಂದರಲ್ಲಿ ಬನಿಯನ್ ಹಾಕಿದ ಪೈಲ್ವಾನನೊಬ್ಬ ಹತ್ತು ಜನ ಪುಂಡರನ್ನು ಹೊಡೆದು ಕೆಡವುತ್ತಾನೆ. ಹನ್ನೊಂದನೆಯವನು ಹೊಡೆಯುವ ಬದಲು ಅವನ ತೋಳು ಸವರುತ್ತಾನೆ. ಪೈಲ್ವಾನ ಕಾಲಿಗೆ ಬುದ್ಧಿ ಹೇಳುತ್ತಾನೆ. ಮತ್ತೊಂದರಲ್ಲಿ ಬಣ್ಣದ ಸ್ಕಾರ್ಫ್ ಸುತ್ತಿಕೊಂಡವನು ಮೊಬೈಲು ಮಾರುತ್ತಾನೆ. ಅವನ ಮಣಿಕಟ್ಟು ಸದಾ ಜೋಲುತ್ತಿರುತ್ತದೆ, ಮೂಳೆ ಮುರಿದಿದ್ದರೆ ಯಾರಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಬಾರದೇ ಎನಿಸುತ್ತದೆ ನನಗೆ.

ಟೀವಿಯ ಲೋಕದಲ್ಲಿ ನಮ್ಮಂಥವರು ಹಲ್ಲುಜ್ಜುವುದಿಲ್ಲ. ಗೋಧಿಹಿಟ್ಟು ಕೊಳ್ಳುವುದಿಲ್ಲ. ನಮಗೆ ನೆಗಡಿಯಾಗುವುದಿಲ್ಲ, ಮಂಡಿ ನೋಯುವುದಿಲ್ಲ, ಮನೆ ಕಟ್ಟಿಸಲು ಸಿಮೆಂಟು ಬೇಕಾಗುವುದಿಲ್ಲ. ಬೇರೆ ಗಂಡಸರನ್ನು ಗಾಬರಿಪಡಿಸುವುದೊಂದೇ ನಮ್ಮ ಉದ್ಯೋಗ. ನನಗಂತೂ ಮಂಡಿ ನೋಯುತ್ತದೆ. ದಿನಾ ಸಂಜೆ ಮುಲಾಮು ತಿಕ್ಕಿಕೊಂಡು ಕೂರುತ್ತೇನೆ. ಯಾರನ್ನೂ ಗಾಬರಿಪಡಿಸಿದ ನೆನಪಿಲ್ಲ.

ನಮ್ಮಂಥವರು ಎಂದೆ. ಪತ್ರಿಕೆಯವರು ಸಲಿಂಗಿ ಎಂದು ಬರೆಯುತ್ತಾರೆ. ನಮ್ಮ ಕಡೆ ಆ ಪದ ಯಾರ ಬಾಯಲ್ಲೂ ಹೊರಳುವುದಿಲ್ಲ. ‘ಅಂಥವ ಅದಾನ’ ಎಂದು ಕಣ್ಣು ತಿರುಗಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ನಾನು ಅಂಥವನು. ಐವತ್ತರ ಹತ್ತಿರ ಬಂದಿದ್ದೇನೆ, ಕೊಟ್ಟೂರಿನಲ್ಲಿ ಒಬ್ಬನೇ ಇದ್ದೇನೆ, ಮಧ್ಯಾಹ್ನದ ಊಟಕ್ಕೆ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಹೋಗುತ್ತೇನೆ. ಅಲ್ಲಿ ಗೋಡೆಯ ಮೇಲೊಂದು ಟೀವಿ. ಚಿಪ್ಸ್ ಜಾಹೀರಾತು ಬಂದಾಗ ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಲ್ಲುತ್ತವೆ, ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ನಗದಿದ್ದರೆ ‘ಇವನಿಗ್ಯಾಕ ನಗು ಬರಲಿಲ್ಲ’ ಎಂದು ಯಾರಾದರೂ ನೋಡಿಯಾರು ಎಂಬ ಭಯ. ಮೂವತ್ತು ವರ್ಷ ಹೀಗೆ ನಕ್ಕು ನಕ್ಕು ಈಗ ನನ್ನ ದವಡೆ ನನ್ನನ್ನು ಕೇಳುವುದೇ ಇಲ್ಲ, ತಾನೇ ನಗುತ್ತದೆ.

ನನ್ನ ಕಸುಬು ದನಿಯದು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರುಗಳಲ್ಲಿ ಮೈಕು ಕಟ್ಟಿಕೊಂಡ ಆಟೋ ಹೋಯಿತೆಂದರೆ ಅದರೊಳಗೆ ಕೂಗುತ್ತಿರುವವನು ಹೆಚ್ಚಾಗಿ ನಾನೇ. ಹೊಸ ಅಂಗಡಿ, ಕಣ್ಣಿನ ತಪಾಸಣೆ ಶಿಬಿರ, ಸಾಮಾಜಿಕ ನಾಟಕ, ಬೀಜ ಗೊಬ್ಬರ, ಯಾರದೋ ಶ್ರದ್ಧಾಂಜಲಿ ಎಲ್ಲಕ್ಕೂ ನನ್ನದೇ ದನಿ. ಲೋಕಲ್ ಕೇಬಲ್ ಚಾನೆಲ್ಲಿನ ಜಾಹೀರಾತುಗಳಿಗೂ ನಾನೇ ಮಾತಾಡುತ್ತೇನೆ. ದೇವರು ನನಗೆ ಎದೆಯೊಳಗಿಂದ ಬರುವ ದಪ್ಪ ದನಿ ಕೊಟ್ಟಿದ್ದಾನೆ. ‘ಗಂಡಸಿನ ದನಿ ಅಂದ್ರ ಇದು ನೋಡ್ರಿ’ ಎಂದು ಜನ ಬೆನ್ನು ತಟ್ಟುತ್ತಾರೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರೂ ಆ ದನಿ ಕೇಳಿ ಬೇರೆ ಏನನ್ನೂ ಅನುಮಾನಿಸದೆ ಹೋದದ್ದುಂಟು. ಆ ದನಿಯ ಮರೆಯಲ್ಲಿ ನಾನು ಆರಾಮಾಗಿ ಬದುಕಿದೆ, ಇದನ್ನು ಒಪ್ಪಿಕೊಳ್ಳಬೇಕು.

ನನ್ನ ಗೆಳೆಯನಿಗೆ ಆ ಮರೆ ಇರಲಿಲ್ಲ. ಅವನು ಹರಪನಹಳ್ಳಿಯಲ್ಲಿ ಜಂಪರ್, ಅಂದರೆ ಹೆಂಗಸರ ರವಿಕೆ, ಹೊಲಿಯುವ ಟೇಲರ್. ಹನ್ನೆರಡು ವರ್ಷದ ಹಿಂದೆ ತನ್ನ ಹೊಸ ಅಂಗಡಿಯ ಪ್ರಚಾರ ಮಾಡಿಸಲು ನನ್ನ ರೆಕಾರ್ಡಿಂಗ್ ಕೋಣೆಗೆ ಬಂದಿದ್ದ. ಕೋಣೆಯ ಬರಿಗೋಡೆ ನೋಡಿ, "ಇಷ್ಟು ಗುಂಯ್ ಅಂತೈತಲ್ರಿ ಸರ, ಕೌದಿ ಹೊಡೀಬಾರದೇನ್ರಿ?" ಎಂದ. ಮುಂದಿನ ತಿಂಗಳು ಅಂಗಡಿಯ ಚೂರುಬಟ್ಟೆಯಿಂದ ತನ್ನ ತಾಯಿಯ ಕೈಲಿ ನಾಲ್ಕು ಕೌದಿ ಹೊಲಿಸಿ ತಂದು, ತಾನೇ ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ. ಕೆಲಸ ಮುಗಿಯುವ ಹೊತ್ತಿಗೆ ‘ಸರ’ ಹೋಗಿ ‘ಲೇ’ ಬಂದಿತ್ತು. ಅಂದಿನಿಂದ ಪ್ರತಿ ಭಾನುವಾರ ನಾನು ಹರಪನಹಳ್ಳಿಗೆ ಹೋಗುತ್ತಿದ್ದೆ. ಅವನ ತಾಯಿ ಮಾಡಿದ್ದನ್ನು ಉಣ್ಣುವುದು, ಅವನ ಅಂಗಡಿಯಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು, ಸಂಜೆಯ ಬಸ್ಸಿಗೆ ವಾಪಸು ಬರುವುದು. ಊರಿಗೆ ನಾವು ಜೀವದ ಗೆಳೆಯರು. ಅದು ಸುಳ್ಳೂ ಅಲ್ಲ.

ಅವನು ಮಾತಾಡುವ ರೀತಿಯೇ ಬೇರೆ. ಮಾತಿಗೆ ಒಂದು ಎಳೆತ, ಕೊನೆಗೆ ಒಂದು ಬಳುಕು, ಕೈಯೂ ಮಾತಿನ ಜೊತೆಗೆ ಎದ್ದು ಇಳಿಯುತ್ತದೆ. ಜೊತೆಗೆ ಸದಾ ಹಲ್ಲಲ್ಲಿ ದಾರದ ತುದಿ. ಹುಕ್ಕು ಹಚ್ಚುವವರಿಗೆ ಅದೊಂದು ಅಭ್ಯಾಸ, ಕತ್ತರಿ ಹುಡುಕುವ ಬದಲು ಹಲ್ಲಿನಲ್ಲೇ ದಾರ ಕಡಿಯುತ್ತಾರೆ, ಆಮೇಲೆ ಅದನ್ನು ಉಗುಳುವುದನ್ನೂ ಮರೆಯುತ್ತಾರೆ. ಹಾಗಾಗಿ ಅವನ ಮಾತಿನಲ್ಲಿ ‘ಸ’ಕಾರವೆಲ್ಲ ಸ್ವಲ್ಪ ಸೀಟಿಯಾಗುತ್ತಿತ್ತು. ಗಿರಾಕಿ ಹೆಂಗಸರು ಜಂಪರ್ ತೊಟ್ಟು ನೋಡಿದಾಗ, "ಮೈಗಂದ್ರ ಮೈಗೇ ಕೂತೈತಿ ನೋಡಕ್ಕಾ!" ಎಂದು ಕುತ್ತಿಗೆ ವಾಲಿಸಿ ಹೇಳುತ್ತಿದ್ದ. ಆ ಮಾತು ಕೇಳಲೆಂದೇ ಅವರು ಬರುತ್ತಿದ್ದರೇನೋ. ಆ ಕಡೆಯ ಅರಸೀಕೆರೆ ಹಳ್ಳಿಯಿಂದ ಬಸ್ಸು ಹತ್ತಿ ಬರುವವರೂ ಇದ್ದರು. ಅವರ ಗಂಡಂದಿರೂ ‘ಅವನ ಹತ್ರ ಹೊಲಿಸು, ಏನೂ ಚಿಂತಿಲ್ಲ’ ಎಂದು ಕಳಿಸುತ್ತಿದ್ದರು. ಆ ‘ಚಿಂತಿಲ್ಲ’ದ ಅರ್ಥ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ದನಿಯಲ್ಲಿ ತಾನು ಮಾತಾಡಿಕೊಂಡಿದ್ದ. ನನಗೆ ಆ ಧೈರ್ಯ ಇರಲಿಲ್ಲ, ಇವತ್ತಿಗೂ ಇಲ್ಲ.

ಹೋದ ವರ್ಷ ಮದುವೆಗಳ ಕಾಲ ಶುರುವಾಗುವ ಮೊದಲು ಹಗರಿಬೊಮ್ಮನಹಳ್ಳಿಯ ಸೀರೆ ಅಂಗಡಿಯ ಸಾಹುಕಾರರೊಬ್ಬರು ನನ್ನ ಕೋಣೆಗೆ ಬಂದರು. ಒಳ್ಳೆಯ ಮನುಷ್ಯ, ಬರುವಾಗ ಬರಿಗೈಲಿ ಬರುವುದಿಲ್ಲ, ಒಂದು ಡಬ್ಬಿ ಪೇಡೆ ತಂದಿದ್ದರು.

"ಬರೇ ‘ಬರ್ರಿ ಬರ್ರಿ’ ಅಂದ್ರ ಯಾರೂ ಬರಂಗಿಲ್ರಿ ಈಗ," ಎಂದರು. "ಟೀವಿಯೊಳಗ ಬರ್ತಾವಲ್ಲ, ಆ ನಮೂನಿ ಕಾಮಿಡಿ ಬೇಕ್ರಿ ನಮಗ. ಮಂದಿ ಬಿದ್ದು ಬಿದ್ದು ನಗಬೇಕು."

ಕಥೆಯನ್ನೂ ಅವರೇ ಕಟ್ಟಿಕೊಂಡು ಬಂದಿದ್ದರು. ಒಬ್ಬ ವರ ಮದುವೆಗೆ ಧೋತರ ಕೊಳ್ಳಲು ಗೆಳೆಯನ ಜೊತೆ ಅಂಗಡಿಗೆ ಬರುತ್ತಾನೆ. ವರ ಧೋತರ ನೋಡುತ್ತಿರುವಾಗ ಗೆಳೆಯ ಒಂದು ರೇಷ್ಮೆ ಸೀರೆ ಹೊದ್ದುಕೊಂಡು ಕನ್ನಡಿ ಮುಂದೆ ನಿಲ್ಲುತ್ತಾನೆ. ವರನ ಕಡೆ ತಿರುಗಿ ಏನೋ ಒಂದು ಮಾತು ಹೇಳುತ್ತಾನೆ. ವರ ಪೇಟ ಬಿಟ್ಟು ಓಡುತ್ತಾನೆ. ‘ಯಾರು ಉಟ್ಟರೂ ಒಪ್ಪುವ ಸೀರೆಗಳು’ ಎಂದು ನನ್ನ ದಪ್ಪ ದನಿಯಲ್ಲಿ ಮುಕ್ತಾಯ.

ನಾನು ಬೇಡ ಎನ್ನಬಹುದಿತ್ತು. ಚಿಪ್ಸ್ ಜಾಹೀರಾತಿಗೆ ವರ್ಷಗಟ್ಟಲೆ ಒಳಗೊಳಗೇ ಬೈದವನು ನಾನು. ಗಂಡಸನ್ನು ಪ್ರೀತಿಸುವುದಕ್ಕೂ ಸೀರೆ ಉಡುವುದಕ್ಕೂ ಏನು ಸಂಬಂಧ ಎಂದು ಯಾರಾದರೂ ಈ ಜಾಹೀರಾತು ಮಾಡುವವರಿಗೆ ಕಿವಿ ಹಿಂಡಿ ಹೇಳಬೇಕು ಎಂದುಕೊಳ್ಳುತ್ತಿದ್ದವನು. ಹೇಳುವ ಅವಕಾಶ ಪೇಡೆ ಡಬ್ಬಿ ಸಮೇತ ನನ್ನ ಮುಂದೆಯೇ ಬಂದು ಕೂತಿತ್ತು. ನಾನು ಒಂದು ಪೇಡೆ ಬಾಯಿಗೆ ಹಾಕಿಕೊಂಡು, "ಚೊಲೋ ಐತ್ರಿ," ಎಂದೆ.

ಮದುವೆ ವಿಡಿಯೋ ತೆಗೆಯುವ ಒಬ್ಬರು ಶೂಟಿಂಗ್ ಮಾಡಿದರು. ಹಳ್ಳಿ ನಾಟಕಗಳಲ್ಲಿ ಹಾಸ್ಯ ಪಾತ್ರ ಮಾಡುವ ಒಬ್ಬರು ಆ ಗೆಳೆಯನ ಪಾತ್ರ ಹಾಕಿದರು. ನಟನೆಯೇನೋ ಆಯಿತು, ಆದರೆ ಅಂಗಡಿ ಇದ್ದದ್ದು ರಸ್ತೆಯ ಮೇಲೆ. ಅವರ ಮಾತಿನ ತುಂಬ ಬಸ್ಸಿನ ಹಾರ್ನ್ ತುಂಬಿಕೊಂಡಿತ್ತು. ಮಾತನ್ನು ಮತ್ತೆ ಕೋಣೆಯಲ್ಲಿ ಹೇಳಿಸೋಣವೆಂದರೆ ಅವರು ಹೊಳಲು ಕಡೆ ನಾಟಕಕ್ಕೆ ಹೋಗಿ ಕೂತಿದ್ದರು, ಫೋನಿಗೆ ಸಿಗಲಿಲ್ಲ.

"ನೀವ ಮಾಡಿಬಿಡ್ರಿ," ಎಂದರು ಸಾಹುಕಾರರು. "ಹತ್ತು ದನಿ ತೆಗಿಯೋರು ನೀವು."

ಮೊದಲು ಟೀವಿಯ ಮಾದರಿಯಲ್ಲೇ ಮಾಡಿದೆ, ಮೂಗಿನಿಂದ ಹೊರಡುವ ಕೀಚಲು ದನಿ. ಸಾಹುಕಾರರು ತಲೆಯಾಡಿಸಿದರು. "ಇದು ಟೀವಿದು ಆತ್ರಿ. ನಮ್ಮ ಕಡಿ ಮನಿಷ್ಯಾ ಅನ್ನಿಸಬೇಕು." ಎರಡನೆಯ ಸಲ, ಮೂರನೆಯ ಸಲ. ವಿಡಿಯೋದವರು ಆಕಳಿಸಿದರು. ನನಗೆ ಮಾನ ಹೋದಂತಾಯಿತು. ಐದು ತಾಲೂಕಿಗೆ ದನಿ ಕೊಟ್ಟವನು ಒಂದು ಸಾಲಿಗೆ ಸೋಲುವುದೇ? ಎದುರಿನ ಗೋಡೆಯ ಕೌದಿಯ ಅಂಚಿನಲ್ಲಿ ಒಂದು ದಾರ ಸಡಿಲಾಗಿ ನೇತಾಡುತ್ತಿತ್ತು. ಅದನ್ನು ಎಳೆದು ಹರಿದುಕೊಂಡೆ. ಹಲ್ಲಿನ ನಡುವೆ ಕಚ್ಚಿಕೊಂಡೆ. ಕುತ್ತಿಗೆ ವಾಲಿಸಿದೆ.

"ಮೈಗಂದ್ರ ಮೈಗೇ ಕೂತೈತಿ ನೋಡಲೋ!"

ಸಾಹುಕಾರರು ತೊಡೆ ತಟ್ಟಿಕೊಂಡು ನಗತೊಡಗಿದರು. ವಿಡಿಯೋದವರು ನಕ್ಕು ಕೆಮ್ಮು ಹತ್ತಿ ಹೊರಗೆ ಹೋದರು. ನಾನೂ ನಕ್ಕೆ. ಇದನ್ನು ಎಷ್ಟೋ ಸಲ ಮನಸ್ಸಿನಲ್ಲೇ ತಿದ್ದಿ ನೋಡಿದ್ದೇನೆ: ಗೊತ್ತಿಲ್ಲದೆ ಬಂತು, ತುಟಿಗೆ ತಾನಾಗಿಯೇ ಬಂತು, ಎಂದು. ಸುಳ್ಳು. ದಾರ ಹರಿದುಕೊಂಡದ್ದು ನನ್ನ ಕೈ. ಯಾರ ದನಿ ತೆಗೆಯುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ದನಿಯನ್ನು ನಾನು ಪ್ರೀತಿಯಿಂದ ಕೇಳಿ ಕೇಳಿ ಕಲಿತಿದ್ದೆ, ಅದಕ್ಕೇ ಅದು ಅಷ್ಟು ಚೆನ್ನಾಗಿ ಬಂತು.

ಜಾಹೀರಾತು ಹತ್ತಿಕೊಂಡಿತು. ಕೇಬಲ್ಲಿನಲ್ಲಿ ಸಿನಿಮಾ ನಡುವೆ ಅರ್ಧ ಗಂಟೆಗೊಮ್ಮೆ ಬಂತು. ಮೈಕಿನ ಆಟೋಗಳಿಗೆ ಬರೀ ಮಾತು ಹೋಯಿತು. ಜನರ ಫೋನುಗಳಿಗೆ ಹೋಯಿತು, ಸ್ಟೇಟಸ್ ಆಯಿತು, ಕಾನಹೊಸಹಳ್ಳಿಯಲ್ಲಿ ಒಬ್ಬರ ರಿಂಗ್‌ಟೋನ್ ಆಗಿದ್ದನ್ನು ನಾನೇ ಕೇಳಿದೆ. ಕೂಡ್ಲಿಗಿ ಬಸ್ಸಿನಲ್ಲಿ ಕಂಡಕ್ಟರು ಸೀಟಿನಲ್ಲಿ ಮೂವರನ್ನು ಒತ್ತಿ ಕೂರಿಸಿ, "ಮೈಗಂದ್ರ ಮೈಗೇ," ಎಂದಾಗ ಇಡೀ ಬಸ್ಸು ನಕ್ಕಿತು. ಆ ವಾರ ನನಗೆ ಹೆಮ್ಮೆಯೇ ಆಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಎರಡು ಭಾನುವಾರ ಕೆಲಸದ ನೆಪ ಹೇಳಿ ಹರಪನಹಳ್ಳಿಗೆ ಹೋಗಲಿಲ್ಲ. ಅವನೂ ಫೋನು ಮಾಡಲಿಲ್ಲ.

ಮೂರನೆಯ ಭಾನುವಾರ ಹೋದೆ. ಅವನ ತಾಯಿ ಪಡಸಾಲೆಯಲ್ಲಿ ಕೂತಿದ್ದರು. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಟೀವಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ನನ್ನ ಹೆಜ್ಜೆ ಸದ್ದಿಗೇ ಗುರುತು ಹಿಡಿದು ಮುಖ ಅರಳಿಸಿದರು.

"ಬಾರಪ್ಪಾ, ನೀನರ ಹೇಳು. ನನ್ನ ಮಗ ಟೀವಿಯೊಳಗ ಬಂದಾನ, ನನಗ ಒಂದು ಮಾತು ಹೇಳಿಲ್ಲ ನೋಡು. ನಾ ದನಿ ಹಿಡಿಯಂಗಿಲ್ಲೇನು? ಓಣಿಯವರಿಗೆಲ್ಲ ಕರದು ಕರದು ಹೇಳೀನಿ, ನನ್ನ ಮಗಂದು ಬರ್ತೈತಿ, ಬರ್ರಿ ಅಂತ. ಎಲ್ಲಾರೂ ಬಂದು ಕೇಳಿ ಎಷ್ಟು ನಕ್ಕರಪ್ಪಾ!"

ಅವನು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ತಾಯಿಗೆ ನಿಜ ಹೇಳಿರಲಿಲ್ಲ. ಏನೆಂದು ಹೇಳುವುದು? ಅದು ನಾನಲ್ಲ ಅವ್ವಾ, ನನ್ನ ಹಾಗೆ ಮಾತಾಡಿ ಮಂದಿಯನ್ನು ನಗಿಸಿದ್ದು ಇವನು, ನೀನು ವಾರವಾರವೂ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತೀಯಲ್ಲ ಇವನು, ಎಂದೇ?

"ಅಂಗಡಿಗೆ ಹೋಗಾಣ," ಎಂದ. ದನಿ ದಪ್ಪಗಿತ್ತು, ಗೊಗ್ಗರಾಗಿತ್ತು.

"ಗಂಟಲು ಕೆಟ್ಟೈತೇನು?" ಎಂದೆ.

"ಇಲ್ಲ," ಎಂದ.

ಅಂಗಡಿಯ ಶಟರ್ ಎತ್ತಿ, ಹೊಲಿಗೆ ಯಂತ್ರದ ಹಿಂದೆ ಕೂತ ಮೇಲೆ ಹೇಳಿದ. ಎಣಿಸಿ ಎಣಿಸಿ ಮಾತಾಡುತ್ತಿದ್ದ, ಒಂದೊಂದು ಪದವನ್ನೂ ಎದೆಯಿಂದ ಎತ್ತಿ ಇಡುತ್ತಿದ್ದ. ಆಟೋದವನು ಬೇಕೆಂದೇ ಅಂಗಡಿ ಮುಂದೆ ನಿಲ್ಲಿಸಿ ಅದೊಂದು ಸಾಲನ್ನು ಮತ್ತೆ ಮತ್ತೆ ಹಾಕುತ್ತಾನೆ. ಹೆಂಡತಿಯನ್ನು ಬಿಡಲು ಬಂದ ಗಂಡಸರು ಬೈಕಿನ ಮೇಲೆ ಕೂತೇ ಕುತ್ತಿಗೆ ವಾಲಿಸುತ್ತಾರೆ. ಹತ್ತು ವರ್ಷದಿಂದ ಅಣ್ಣಾ ಎಂದು ಬಾಯ್ತುಂಬ ಕರೆದ ಅಕ್ಕಂದಿರು ಈಗ ಅವನು ಬಾಯಿ ತೆರೆಯುವ ಮೊದಲೇ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ‘ಅಣ್ಣಾ, ಒಮ್ಮಿ ಅನ್ನು, ಒಮ್ಮಿ ಅನ್ನು’ ಎಂದು ಕಾಡುತ್ತಾರೆ.

"ಮೊದಲೂ ನಗ್ತಿದ್ರಲ್ಲ," ಎಂದುಬಿಟ್ಟೆ. ಎಂಥ ಮೂರ್ಖತನ.

"ನಗ್ತಿದ್ರು. ನಾನೂ ನಗ್ತಿದ್ದೆ," ಎಂದ. "ಆವಾಗ ಜಂಪರ್ ಚಲೋ ಕೂತೈತೆ ಅಂತ ನಗ್ತಿದ್ರು. ಈಗ ನಾ ಏನಂತ ಅವರಿಗೆ ಗೊತ್ತಾಗೈತೆ. ನೀನೇ ತಿಳಿಸಿಕೊಟ್ಟೀಯ." ಯಂತ್ರದ ಗಾಲಿಯನ್ನು ಒಂದು ಸುತ್ತು ತಿರುಗಿಸಿದ. "ಅದನ್ನ ನಿಲ್ಲಿಸು. ನಿಲ್ಲಿಸೋ ತನಕ ಬರಬ್ಯಾಡ."

ಅಂದು ಮಂಡಕ್ಕಿ ತರಿಸಲಿಲ್ಲ. ಮುಂದಿನ ಬಸ್ಸಿಗೇ ವಾಪಸಾದೆ.

ಒಂದು ಮಾತನ್ನು ಲೋಕಕ್ಕೆ ಬಿಡುವುದಕ್ಕೆ ನನಗೆ ಮುಕ್ಕಾಲು ಗಂಟೆ ಸಾಕಾಗಿತ್ತು. ವಾಪಸು ತೆಗೆದುಕೊಳ್ಳಲು ಹೊರಟಾಗ ತಿಳಿಯಿತು ಅದರ ಹಣೆಬರಹ. ಮೊದಲು ಕೇಬಲ್ಲಿನವರ ಹತ್ತಿರ ಹೋದೆ. "ಸಾವ್ಕಾರ್ರು ಹೇಳಬೇಕ್ರಿ, ನಾವು ತಗಿಯಾಕ ಬರಂಗಿಲ್ಲ," ಎಂದರು. ಹಡಗಲಿಯ ಆಟೋದವನು ನನ್ನ ಕಣ್ಣ ಮುಂದೆಯೇ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. ನಾನು ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಮಲ್ಲಿಗೆ ಮಾರುವವರ ಸಾಲಿನ ಮುಂದೆ ನನ್ನದೇ ದನಿ ‘ಮೈಗೇ’ ಎನ್ನುತ್ತಿತ್ತು. ಅಟ್ಟಿಸಿಕೊಂಡು ಹೋಗಿ ಕೇಳಿದರೆ, "ಅದು ಪೆನ್‌ಡ್ರೈವ್‌ದಾಗಿಂದ ತಗದೀನ್ರಿ, ಇದು ಮೆಮೊರಿ ಕಾರ್ಡ್‌ದಾಗ ಇದ್ದದ್ದು," ಎಂದು ಬಹಳ ವಿನಯದಿಂದ ಹೇಳಿದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ‘ಯಾಕ್ರಿ, ಚೊಲೋ ಐತಲ್ರಿ? ಯಾರಿಗೆ ಏನಾತು?’ ದನಿ ಸರಿಯಾಗಿ ಬಂದಿಲ್ಲ ಎಂದೆ, ಮೈಕಿನಲ್ಲಿ ಸೀಟಿ ಹೊಡೆಯುತ್ತದೆ ಎಂದೆ, ಹಿರಿಯರು ಬೇಜಾರಾಗಿದ್ದಾರೆ ಎಂದೆ.

ಕೂಡ್ಲಿಗಿಯ ಆಟೋದ ಸಾಬರು ಮಾತ್ರ ಏನೂ ಕೇಳಲಿಲ್ಲ. ಫೋನು, ಕಾರ್ಡು ಎರಡನ್ನೂ ನನ್ನ ಕೈಗೆ ಕೊಟ್ಟರು. "ನಿಮ್ಮ ಆವಾಜ್ ಭಾಯ್. ನೀವು ಬ್ಯಾಡ ಅಂದ್ರ ಬ್ಯಾಡ," ಎಂದರು. ಎರಡರಲ್ಲೂ ಅಳಿಸಿದೆ. ನನ್ನ ಆವಾಜಲ್ಲ ಭಾಯ್ ಅದು, ಎಂದು ಹೇಳಬೇಕಿತ್ತು. ಅಷ್ಟು ಒಳ್ಳೆಯ ಮನುಷ್ಯನಿಗೂ ಹೇಳಲಿಲ್ಲ.

ಕೊನೆಗೆ ಹಗರಿಬೊಮ್ಮನಹಳ್ಳಿಗೆ ಹೋದೆ. ಸಾಹುಕಾರರು ಗಾದಿಯ ಮೇಲೆ ಕೂರಿಸಿಕೊಂಡು ಚಹಾ ತರಿಸಿದರು. ಜಾಹೀರಾತು ನಿಲ್ಲಿಸಿ ಎಂದು ಕೇಳಿದೆ.

"ಅಲ್ರಿ, ಹಡಗಲಿಯಿಂದ ಮಂದಿ ಅಂಗಡಿ ಹುಡಿಕ್ಕೊಂಡು ಬರಾಕ ಹತ್ಯಾರ! ‘ಮೈಗಂದ್ರ ಮೈಗೇ ಅಂಗಡಿ ಇದ ಏನ್ರಿ’ ಅಂತ ಕೇಳ್ತಾರ. ಯಾಕ ನಿಲ್ಲಸ್ಲಿ? ಯಾರಿಗರ ನೋವಾಗೈತೇನು?"

"ಆಗೈತ್ರಿ."

"ಯಾರಿಗ್ರಿ?"

ಅವನ ಹೆಸರು ಹೇಳುವಂತಿರಲಿಲ್ಲ. ಹೇಳಿದರೆ ಈಗ ಅನುಮಾನವಾಗಿರುವುದು ಗಟ್ಟಿಯಾಗುತ್ತಿತ್ತು. ಉಳಿದವನು ನಾನೊಬ್ಬನೇ. ಮಂಡಿಯ ಮೇಲೆ ಕೈ ಇಟ್ಟುಕೊಂಡು, ನೆಲ ನೋಡುತ್ತ, ಇಷ್ಟು ವರ್ಷದಲ್ಲಿ ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ.

"ನನಗ್ರಿ, ಸಾವ್ಕಾರ್ರ. ನಾನೂ ಅಂಥವನ ಅದೀನಿ. ನನಗ ಹೆಂಗಸರ ಮ್ಯಾಲೆ ಯಾವತ್ತೂ ಮನಸ್ಸು ಬಂದಿಲ್ಲ. ನಮ್ಮನ್ನ ಹಿಂಗ ಹಾಸ್ಯ ಮಾಡೋದು ನನಗ ನೋವಾಗ್ತೈತ್ರಿ."

ಸಾಹುಕಾರರು ಕಣ್ಣರಳಿಸಿ ನನ್ನನ್ನೇ ನೋಡಿದರು. ಆಮೇಲೆ ಗಾದಿ ಅಲುಗುವಂತೆ ನಕ್ಕರು.

"ಏ, ಬರ್ರಲೇ ಇಲ್ಲಿ, ಎಲ್ಲಾರೂ ಬರ್ರಿ!" ಎಂದು ಸೀರೆ ತೋರಿಸುತ್ತಿದ್ದ ಕೆಲಸಗಾರರನ್ನು ಕರೆದರು. "ಇದ ನೋಡ್ರಿ ಎರಡನೇ ಪಾರ್ಟು! ಸರ, ಇನ್ನೊಮ್ಮಿ ಹೇಳ್ರಿ. ಇದನ್ನ ಆ ದನಿಯೊಳಗ ಹೇಳ್ರಿ. ಆ ದನಿಯೊಳಗ ಹೇಳಿದ್ರ ಮಂದಿ ಸತ್ತಹೋಗ್ತಾರ ನಕ್ಕು!"

ಐದಾರು ಜನ ಸುತ್ತ ನಿಂತರು, ಮುಖದಲ್ಲಿ ನಗು ತಯಾರಿಟ್ಟುಕೊಂಡು. ಇನ್ನೊಮ್ಮೆ ಹೇಳಿದೆ. ಅವರು ನಕ್ಕರು. ಮೂರನೆಯ ಸಲ ಹೇಳುವಾಗ ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಆಗ ನಗು ಒಂದೊಂದಾಗಿ ನಿಂತಿತು. ಸಾಹುಕಾರರು ಕೆಲಸದವರನ್ನು ಕಳಿಸಿ, ನನ್ನ ಕೈ ಹಿಡಿದುಕೊಂಡು, "ಇರ್ಲಿ ಬಿಡ್ರಿ," ಎಂದು ಮೆಲ್ಲಗೆ ಹೇಳಿದರು. "ನೀವು ಹಂಗ ಅನ್ನಿಸಂಗಿಲ್ಲ. ನಿಮ್ಮ ದನಿ ನೋಡ್ರಿ, ಎಂಥಾ ಗಂಡಸಿನ ದನಿ. ಯಾರೂ ನಂಬಂಗಿಲ್ಲ." ಅದನ್ನು ಅವರು ಸಮಾಧಾನಕ್ಕೆ ಹೇಳಿದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಕೆಟ್ಟ ಮನಸ್ಸಿದ್ದರೆ ಎರಡು ಮಾತು ಬೈದು ಹಗುರಾಗುತ್ತಿದ್ದೆ.

ನಿಲ್ಲಿಸುತ್ತೇನೆಂದು ಕೈ ಮೇಲೆ ಕೈ ಹಾಕಿ ಹೇಳಿದರು, ನಿಲ್ಲಿಸಲಿಲ್ಲ. ಮತ್ತೆ ಹೋಗಿ ಕೇಳುವ ಮುಖ ನನಗಿರಲಿಲ್ಲ. ಮದುವೆಗಳು ಮುಗಿದ ಮೇಲೆ ಅದು ತಾನಾಗಿಯೇ ನಿಂತಿತು. ಈಗ ಕೇಬಲ್ಲಿನಲ್ಲಿ ಅದೇ ಅಂಗಡಿಯ ಬೇರೆ ಜಾಹೀರಾತು ಬರುತ್ತದೆ, ಅತ್ತೆ ಸೊಸೆ ಒಂದೇ ಸೀರೆಗೆ ಜಗ್ಗಾಡುತ್ತಾರೆ. ಅದಕ್ಕೆ ದನಿ ಕೊಡಲು ನನ್ನನ್ನು ಕರೆಯಲಿಲ್ಲ. ಸಾಹುಕಾರರು ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾರೆ, ಆದರೆ ಕೈ ಕುಲುಕುವುದನ್ನು ಬಿಟ್ಟಿದ್ದಾರೆ.

ನಿಂತ ಸುದ್ದಿ ಖಾತ್ರಿಯಾದ ಮೇಲೆ ಹರಪನಹಳ್ಳಿಗೆ ಹೋದೆ. ಅಂಗಡಿಯಲ್ಲಿ ಇಬ್ಬರು ಹೆಂಗಸರು ಇದ್ದರು. ಒಬ್ಬಾಕೆ ಸೀರೆಯ ಮೇಲೆಯೇ ಹೊಸ ಜಂಪರ್ ಹಿಡಿದುಕೊಂಡು ಕನ್ನಡಿ ನೋಡುತ್ತಿದ್ದಳು. "ಹೆಂಗೈತಣ್ಣಾ?" ಎಂದು ಕೇಳಿದಳು. ಕೈ ಎರಡನ್ನೂ ಮೇಜಿನ ಕೆಳಗೆ ಇಟ್ಟುಕೊಂಡು ಅವನು, "ಸರಿ ಐತೆ. ನಾಳೆ ಹುಕ್ಕು ಹಚ್ಚಿ ಕೊಡ್ತೀನಿ," ಎಂದ. ಅವನು ಇನ್ನೂ ಏನೋ ಹೇಳಬಹುದೆಂದು ಅವಳು ಒಂದು ಗಳಿಗೆ ಕಾದಳು. ಆಮೇಲೆ ಇಬ್ಬರೂ ಹೋದರು.

ನಾನು ಎಲ್ಲವನ್ನೂ ಹೇಳಿದೆ, ಆಟೋಗಳ ಹಿಂದೆ ಓಡಿದ್ದು, ಗಾದಿಯ ಮೇಲೆ ಕೂತು ಮೂರು ಸಲ ಹೇಳಿದ್ದು, ಅವರು ನಕ್ಕದ್ದು. ಕ್ಷಮಿಸು ಎಂದೂ ಕೇಳಿದೆ. ಅವನು ತಲೆ ಎತ್ತದೆ ಕೇಳಿಸಿಕೊಂಡ. ನಾನು ಯಾರಿಗೂ ಹೇಳದ್ದನ್ನು ಅವನಿಗಾಗಿ ಹೇಳಿದೆನೆಂದು ಅವನಿಗೆ ಸಂತೋಷವಾಗಬಹುದು, ಕಡೇಪಕ್ಷ ಕಣ್ಣಾದರೂ ಎತ್ತಬಹುದು ಎಂದು ನಾನು ಆಸೆಪಟ್ಟಿದ್ದೆ.

"ಯಾವ ದನಿಯಾಗ ಹೇಳಿದೆ?" ಎಂದು ಕೇಳಿದ.

"ನನ್ನ ದನಿಯಾಗ."

"ಹ್ಞೂಂ," ಎಂದ. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಪಡಿಸಿಕೊಂಡ. "ನಿನಗ ನಿಂದು ಅಂತ ಒಂದಾದ್ರೂ ಉಳಿದೈತಲ್ಲಪ್ಪ."

ಅದನ್ನು ಅವನು ಹೇಳಿದ್ದು ಕೂಡ ಎದೆಯಿಂದ ಎತ್ತಿ ತಂದ ಆ ದಪ್ಪ ದನಿಯಲ್ಲೇ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು.